ಜೋಡು ಮುಗಿಯಿತು ಎನ್ನುವವರು

ನಮ್ಮ ಕಡೆ ಚಪ್ಪಲಿಗೆ ಜೋಡು ಎನ್ನುತ್ತಾರೆ. ರಾಯಬಾಗ, ಚಿಕ್ಕೋಡಿ, ಅಥಣಿ ಸೀಮೆಯ ಹಿರಿಯರು ಈಗಲೂ ‘ಜೋಡ ಎಲ್ಲಿ ಬಿಟ್ಟಿ?’ ಎಂದೇ ಕೇಳುವುದು. ಒಂದೇ ಇದ್ದರೆ ಯಾವ ಕೆಲಸಕ್ಕೂ ಬಾರದ ವಸ್ತುವಿಗೆ ತಕ್ಕ ಹೆಸರು ಅದು. ಈ ಜೋಡಿನ ಚರಿತ್ರೆ ಬರೆಯಬೇಕೆಂದು ನನಗೆ ಅನ್ನಿಸಿದ್ದು ಮಾತ್ರ ಪುಣೆಯ ಒಂದು ಸಾಫ್ಟ್‌ವೇರ್ ಕಚೇರಿಯಲ್ಲಿ, ಹಳದಿ ಚೀಟಿ ಅಂಟಿಸಿದ ಗೋಡೆಯ ಮುಂದೆ ನಿಂತಿದ್ದಾಗ.

ಈ ಕೆಲಸದ ಪದ್ಧತಿ ಗೊತ್ತಿಲ್ಲದವರಿಗಾಗಿ ಎರಡು ಮಾತು. ಇದಕ್ಕೆ ಅಜೈಲ್ ಎನ್ನುತ್ತಾರೆ. ದಿನಾ ಬೆಳಿಗ್ಗೆ ತಂಡದವರೆಲ್ಲ ಹದಿನೈದು ನಿಮಿಷ ನಿಂತುಕೊಂಡೇ ಮಾತಾಡಬೇಕು. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀ, ಎಲ್ಲಿ ತೊಡಕಾಗಿದೆ, ಅಷ್ಟೇ. ಕೂತರೆ ಮಾತು ಬೆಳೆಯುತ್ತದೆ ಎಂಬ ಕಾರಣಕ್ಕೆ ನಿಲ್ಲುವುದು. ಗೋಡೆಯ ಮೇಲೆ ಮೂರು ಅಂಕಣ: ಮಾಡಬೇಕಾದದ್ದು, ನಡೆಯುತ್ತಿರುವುದು, ಮುಗಿದದ್ದು. ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ. ಎರಡು ವಾರಕ್ಕೊಮ್ಮೆ ಮುಗಿದಷ್ಟನ್ನು ಗಿರಾಕಿಗೆ ತೋರಿಸಿ, ಅವರು ಹೇಳಿದ್ದನ್ನು ಕೇಳಿಕೊಂಡು ಮುಂದಿನದಕ್ಕೆ ಕೈಹಾಕುವುದು. ಇಡೀ ಮನೆ ಕಟ್ಟಿ ಬೀಗದ ಕೈ ಕೊಡುವ ಬದಲು ಒಂದೊಂದೇ ಕೋಣೆ ಕಟ್ಟಿ ತೋರಿಸಿದ ಹಾಗೆ. ನಾನು ಈ ಪದ್ಧತಿಯ ಭಕ್ತನೂ ಅಲ್ಲ, ವೈರಿಯೂ ಅಲ್ಲ. ಹನ್ನೊಂದು ವರ್ಷ ಅದರಲ್ಲೇ ಅನ್ನ ತಿಂದಿದ್ದೇನೆ.

ಒಂದು ದಿನ ನಮ್ಮ ತಂಡದ ಹುಡುಗಿಯೊಬ್ಬಳು, ಬರೆದದ್ದನ್ನು ಪರೀಕ್ಷೆ ಮಾಡುವ ಕೆಲಸದವಳು, ಒಂದು ಚೀಟಿಯತ್ತ ಬೆರಳು ತೋರಿಸಿ ‘ಇದು ಇನ್ನೂ ಮುಗಿದಿಲ್ಲ’ ಎಂದಳು. ಗಡುವು ಹತ್ತಿರ ಬಂದಿತ್ತು. ಮೇಲಿನವರೊಬ್ಬರು ನಗುತ್ತಲೇ ಚೀಟಿ ಕಿತ್ತು ‘ಮುಗಿದದ್ದು’ ಅಂಕಣಕ್ಕೆ ಅಂಟಿಸಿದರು. ಅವಳು ನನ್ನ ಕಡೆ ನೋಡಿದಳು. ಅವಳು ಹೇಳಿದ್ದು ಸರಿ ಎಂದು ನನಗೆ ಗೊತ್ತಿತ್ತು. ನಾನು ಕೈಯಲ್ಲಿದ್ದ ಚಹಾದ ಲೋಟ ನೋಡಿಕೊಂಡೆ. ಎರಡೇ ದಿನಕ್ಕೆ ಅದು ಗಿರಾಕಿಯ ಹತ್ತಿರ ಕುಸಿದುಬಿತ್ತು. ಆಮೇಲೆ ನಡೆದ ಸಭೆಯಲ್ಲಿ ಅವಳಿಗೆ ಬಂದ ಪ್ರಶ್ನೆ, ‘ನೀನು ಇನ್ನಷ್ಟು ಗಟ್ಟಿಯಾಗಿ ಯಾಕೆ ಹೇಳಲಿಲ್ಲ?’ ಎಂದು. ಮೂರು ತಿಂಗಳಲ್ಲಿ ಅವಳು ಕೆಲಸ ಬಿಟ್ಟಳು. ತಂಡದ ಒಗ್ಗಟ್ಟು ಹೆಚ್ಚಿಸಲಿಕ್ಕೆಂದು ಆ ವರ್ಷವೇ ನಮ್ಮನ್ನೆಲ್ಲ ಮಹಾಬಳೇಶ್ವರಕ್ಕೆ ಕರೆದುಕೊಂಡು ಹೋಗಿ ಹಗ್ಗ ಜಗ್ಗಾಟ ಆಡಿಸಿದರು.

ಈ ಪದ್ಧತಿಯ ಹುಟ್ಟಿನಲ್ಲಿ ಇಂಥ ಅನ್ಯಾಯಕ್ಕೆ ಜಾಗವಿರಲಿಲ್ಲ. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಹಿಮದ ಊರಿನಲ್ಲಿ 17 ಜನ ಸಾಫ್ಟ್‌ವೇರಿನವರು ಸೇರಿ ಒಂದು ಪುಟ್ಟ ಪ್ರಣಾಳಿಕೆ ಬರೆದರು. ವಿಧಿವಿಧಾನ, ಸಲಕರಣೆಗಳಿಗಿಂತ ಕೆಲಸ ಮಾಡುವ ಮನುಷ್ಯರೂ ಅವರ ನಡುವಿನ ಮಾತೂ ಹೆಚ್ಚು ಎನ್ನುವುದು ಅದರ ಮೊದಲ ನಂಬಿಕೆ. ಅದರ ಬೇರು ಇನ್ನೂ ಹಿಂದಕ್ಕೆ, ಜಪಾನಿಗೆ ಹೋಗುತ್ತದೆ. 1986ರಲ್ಲಿ ತಾಕೆಉಚಿ ಮತ್ತು ನೊನಾಕಾ ಎಂಬ ಇಬ್ಬರು ವಿದ್ವಾಂಸರು, ಹೊಸ ವಸ್ತು ತಯಾರಿಸುವ ಒಳ್ಳೆಯ ತಂಡಗಳು ಒಬ್ಬರ ನಂತರ ಒಬ್ಬರು ಓಡುವ ರಿಲೇ ಓಟದಂತಿರದೆ, ಚೆಂಡನ್ನು ತಮ್ಮತಮ್ಮೊಳಗೇ ಸಾಗಿಸುತ್ತ ಒಟ್ಟಾಗಿ ಮುನ್ನುಗ್ಗುವ ರಗ್ಬಿ ಆಟಗಾರರಂತೆ ಇರುತ್ತವೆ ಎಂದು ಬರೆದರು. ಟೊಯೋಟಾ ಕಾರ್ಖಾನೆಯಲ್ಲಂತೂ ದೋಷ ಕಂಡ ಸಾಮಾನ್ಯ ಕೆಲಸಗಾರನೂ ಹಗ್ಗ ಎಳೆದು ಇಡೀ ಸಾಲನ್ನು ನಿಲ್ಲಿಸಬಹುದಿತ್ತು. ನಮ್ಮ ಕಚೇರಿಗೆ ಆ ಪದ್ಧತಿಯ ಚೀಟಿ ಬಂತು, ಅಂಕಣ ಬಂತು. ನಿಲ್ಲಿಸುವ ಹಗ್ಗ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು.

ಆ ವರ್ಷದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನಿಗೆ ಜೋಡು ಕೊಳ್ಳಲು ಅಥಣಿ ತಾಲ್ಲೂಕಿನ ಒಂದು ಹಳ್ಳಿಗೆ ಹೋದೆ. ಅಪ್ಪ ಜೀವಮಾನವಿಡೀ ಅದೇ ಮನೆಯವರು ಮಾಡಿದ ಜೋಡನ್ನೇ ಮೆಟ್ಟಿದವರು. ಪಡಸಾಲೆಯಲ್ಲಿ ಕಾಕಾ ರಂಪಿಗೆ ಹಿಡಿದು ತಳದ ಚರ್ಮ ಕತ್ತರಿಸುತ್ತಿದ್ದರು. ಅವರ ಮಗ ಕೊಡತಿಯಿಂದ ಬಡಿದು ಪದರಗಳನ್ನು ಒಂದು ಮಾಡುತ್ತಿದ್ದ. ಬಾಗಿಲ ಬೆಳಕಿಗೆ ಮುಖಮಾಡಿ ಕುಳಿತ ಕಾಕು ಸಣ್ಣ ಚರ್ಮದ ಎಳೆಗಳನ್ನು ಜಡೆಯ ಹಾಗೆ ಹೆಣೆಯುತ್ತಿದ್ದರು. ಯಾರೂ ಯಾರಿಗೂ ಏನೂ ಹೇಳುತ್ತಿರಲಿಲ್ಲ. ಒಬ್ಬರ ಕೈಯ ಕೆಲಸ ತೀರುವ ಹೊತ್ತಿಗೆ ಇನ್ನೊಬ್ಬರ ಕೈ ಖಾಲಿಯಾಗುತ್ತಿತ್ತು. ನಡುವೆ ಕಾಕು ಒಂದು ಜೋಡನ್ನು ಎತ್ತಿ ಬೆಳಕಿಗೆ ಹಿಡಿದು, ಮಗನ ಮುಂದೆ ಇಟ್ಟು, ‘ಬಲಗಾಲಿನ ಕಿವಿ ಒಂದು ದಾರ ಮ್ಯಾಲ ಐತಿ, ಬಿಚ್ಚು’ ಎಂದರು. ಮಗ ಗೊಣಗಿದ, ಆದರೆ ಬಿಚ್ಚಿದ.

ನಮ್ಮ ಪೂರ್ವಿಕರಿಗೆ ಎಲ್ಲವೂ ಮೊದಲೇ ಗೊತ್ತಿತ್ತು ಎನ್ನುವ ಖಯಾಲಿ ನನಗಿಲ್ಲ. ಈ ಪಡಸಾಲೆಯನ್ನು ನೋಡಿ ‘ಅಜೈಲ್ ಹುಟ್ಟಿದ್ದು ಅಥಣಿಯಲ್ಲಿ’ ಎಂದು ಭಾಷಣ ಬಿಗಿಯುವವರು ನಾಳೆ ಬಂದಾರು, ಅವರ ಮಾತು ನಂಬಬೇಡಿ. ಇದು ಆರಿಸಿಕೊಂಡು ಸೇರಿದ ತಂಡವಲ್ಲ, ಜಾತಿ ಕಟ್ಟಿಕೊಟ್ಟ ತಂಡ. ಡೋಹರರು ಚರ್ಮ ಹದಮಾಡಬೇಕು, ಸಮಗಾರರು ಜೋಡು ಹೊಲಿಯಬೇಕು, ಮೆಟ್ಟುವವರು ಅವರನ್ನು ಮನೆಯಿಂದ ದೂರ ನಿಲ್ಲಿಸಬೇಕು, ಹೀಗಿತ್ತು ಕಟ್ಟಳೆ.

ಆ ಕಟ್ಟಳೆಗೆ ಪೆಟ್ಟು ಕೊಟ್ಟ ಕಥೆಯೂ ನಮ್ಮಲ್ಲೇ ಇದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಡೋಹರ ಕಕ್ಕಯ್ಯನೂ ಇದ್ದ, ಸಮಗಾರ ಹರಳಯ್ಯನೂ ಇದ್ದ. ಅಂದರೆ ಚರ್ಮ ಹದಮಾಡುವವನೂ ಹೊಲಿಯುವವನೂ ಒಂದೇ ಮಹಾಮನೆಯ ಪಂಕ್ತಿಯಲ್ಲಿ. ಹರಳಯ್ಯನ ಒಂದು ಶರಣಿಗೆ ಬಸವಣ್ಣ ಎರಡು ಶರಣು ಹೇಳಿದನಂತೆ. ಆ ಹೊರೆ ಇಳಿಸಿಕೊಳ್ಳಲು ಗಂಡ ಬಲತೊಡೆಯ, ಹೆಂಡತಿ ಕಲ್ಯಾಣಮ್ಮ ಎಡತೊಡೆಯ ಚರ್ಮ ತೆಗೆದು ಜೋಡು ಮಾಡಿದರು ಎನ್ನುತ್ತದೆ ಜನರ ಕಥೆ. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡ. ಮುಂದೆ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಗಿ, ಅಪ್ಪಂದಿರಿಬ್ಬರೂ ಅದಕ್ಕೆ ಪ್ರಾಣ ತೆತ್ತರು. ಚಿಕ್ಕಂದಿನಲ್ಲಿ ಈ ಕಥೆ ಕೇಳಿದಾಗ ತೊಡೆಯ ಚರ್ಮವೇ ಕಣ್ಣಿಗೆ ಕಟ್ಟುತ್ತಿತ್ತು. ಈಗ ಬೇರೊಂದು ಕಾಣುತ್ತದೆ. ಆ ಜೋಡಿನ ಒಂದು ಕಾಲು ಕಲ್ಯಾಣಮ್ಮನದು. ಆದರೂ ಊರೂರಿನಲ್ಲಿ ಗುಡಿ, ಓಣಿ, ಸಮುದಾಯ ಭವನಗಳಿಗೆ ಇರುವುದು ಹರಳಯ್ಯನ ಹೆಸರು.

ಚರಿತ್ರೆಗೆ ಬರೋಣ. ಈ ಜೋಡಿಗೆ ಕೊಲ್ಹಾಪುರಿ ಎಂಬ ಹೆಸರು ಬಂದದ್ದು ಪೇಟೆಯಿಂದ. ನಿಪ್ಪಾಣಿಯಿಂದ ಕೊಲ್ಹಾಪುರ ಸುಮಾರು 40 ಕಿಲೋಮೀಟರು. ಅಥಣಿ, ಕಾಗವಾಡದವರಿಗೆ ಮೀರಜ, ಸಾಂಗ್ಲಿಯ ಪೇಟೆ ಹತ್ತಿರ. 1894ರಿಂದ 1922ರವರೆಗೆ ಕೊಲ್ಹಾಪುರವನ್ನು ಆಳಿದ ಶಾಹೂ ಮಹಾರಾಜರು ಚರ್ಮದ ಕಸುಬಿಗೆ ಆಸರೆಯಾದರು. ಶೋಷಿತ ಜಾತಿಗಳಿಗೆ 1902ರಲ್ಲೇ ನೌಕರಿಯಲ್ಲಿ ಅರ್ಧ ಪಾಲು ಮೀಸಲಿಟ್ಟ ದೊರೆ ಅವರು. ಅವರ ಊರಿನ ಹೆಸರು ಜೋಡಿಗೆ ಅಂಟಿಕೊಂಡದ್ದರಲ್ಲಿ ಅಚ್ಚರಿಯಿಲ್ಲ. ಆದರೆ ಕೊಲ್ಹಾಪುರದ ಅಂಗಡಿಯಲ್ಲಿ ತೂಗಿದ ಎಷ್ಟೋ ಜೋಡುಗಳು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಮನೆಗಳಲ್ಲಿ ಹುಟ್ಟಿದವು.

ಅದು ಹುಟ್ಟುವ ಬಗೆ ನೋಡಿ. ಎಮ್ಮೆಯ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆಯುತ್ತಾರೆ. ಆಮೇಲೆ ಅದನ್ನು ಚೀಲದ ಹಾಗೆ ಹೊಲಿದು, ತೂಗುಹಾಕಿ, ಒಳಗೆ ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ನೀರು ತುಂಬುತ್ತಾರೆ. ನೀರು ತೊಗಲಿನ ಮೈಯಿಂದ ಒಸರುತ್ತ ಅದನ್ನು ಹದಕ್ಕೆ ತರುತ್ತದೆ. ವಾರಗಟ್ಟಲೆಯ ಕೆಲಸ, ಅವಸರ ಮಾಡಿದರೆ ಚರ್ಮ ಬಿರಿಯುತ್ತದೆ. ಮುಂದಿನದು ಜೋಡು ಮಾಡುವವರ ಪಾಲು. ತಳಕ್ಕೆ ದಪ್ಪ ಚರ್ಮ, ಮೇಲಕ್ಕೆ ತೆಳ್ಳನೆಯದು. ಬದಿಗೆ ಕಿವಿ, ಕಾಲಿನ ಮೇಲೆ ಪಟ್ಟಿ, ಹೆಬ್ಬೆರಳಿಗೆ ಉಂಗುಟ. ಒಂದು ಮೊಳೆಯೂ ಇಲ್ಲ, ಹೊಲಿಯುವ ದಾರವೂ ಚರ್ಮದ್ದೇ. ಕೆಲವು ಜೋಡುಗಳ ಪದರಗಳ ನಡುವೆ ಒಂದು ಬೀಜ ಇಟ್ಟು ಹೊಲಿಯುತ್ತಾರೆ, ನಡೆದರೆ ಕರಕರ ಸಪ್ಪಳ. ನಮ್ಮೂರ ಗೌಡರು ಬರುತ್ತಿರುವುದು ಓಣಿಯ ತಿರುವಿನಲ್ಲೇ ಗೊತ್ತಾಗುತ್ತಿತ್ತು. ಶಾಲೆ ತಪ್ಪಿಸಿ ಗೋಲಿ ಆಡುತ್ತಿದ್ದ ನಮಗೆ ಅದರಿಂದ ಬಹಳ ಉಪಕಾರವಾಗಿದೆ.

ಇದರಲ್ಲಿ ಪಟ್ಟಿಯ ಹೆಣಿಗೆ, ತೂತು, ಕಸೂತಿ ಬಹುಪಾಲು ಹೆಂಗಸರದು. ಕೊಳ್ಳುವವರ ಕಣ್ಣು ಮೊದಲು ಬೀಳುವುದೂ ಅದರ ಮೇಲೆಯೇ. ಆದರೆ ವ್ಯಾಪಾರಿಯ ಕೀರ್ದಿಯಲ್ಲಿ ಹೆಸರು ಗಂಡಸಿನದು. ಮುಂಗಡ ಪಡೆದವನು ಅವನು, ಜೋಡು ಒಪ್ಪಿಸಿ ಬಂದವನು ಅವನು, ದುಡ್ಡು ಎಣಿಸಿಕೊಂಡವನು ಅವನು. ಹೆಂಗಸಿನ ಕೆಲಸಕ್ಕೆ ಇದ್ದ ಹೆಸರು ‘ಕೈಜೋಡಿಸುವುದು’. ಮುಂಗಡದ ಸಾಲ ತೀರದೆ ಮನೆಮಂದಿಯೆಲ್ಲ ಒಬ್ಬನೇ ವ್ಯಾಪಾರಿಗೆ ಕಟ್ಟುಬಿದ್ದಾಗ ದರ ಹೇಳುವವನೂ ಅವನೇ, ‘ಇದು ಸರಿಯಿಲ್ಲ’ ಎಂದು ಪಕ್ಕಕ್ಕೆ ಎಸೆಯುವವನೂ ಅವನೇ. ಮನೆಯೊಳಗೆ ಎಷ್ಟೇ ಹೊಂದಿಕೆಯಿರಲಿ, ಹೊಸ್ತಿಲಾಚೆ ಆ ತಂಡಕ್ಕೆ ಬಾಯಿಯಿರಲಿಲ್ಲ.

1990ರ ದಶಕದ ಕೊನೆಯಲ್ಲಿ ಅಥಣಿಯಲ್ಲಿ ಒಂದು ಪ್ರಯೋಗ ನಡೆಯಿತು. ಬೆಂಗಳೂರಿನ ಅಸೆಂಟ್ ಎಂಬ ಸಂಸ್ಥೆ, ಅದರ ಮಧುರಾ ಛತ್ರಪತಿಯವರು, ಸಮಗಾರ ಕುಟುಂಬಗಳ ಜೊತೆ ಕೆಲಸ ಶುರುಮಾಡಿದರು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನ ರಾಷ್ಟ್ರೀಯ ಚರ್ಮೋದ್ಯಮ ಯೋಜನೆ ಅದಕ್ಕೆ ಬೆಂಬಲವಾಯಿತು. ಅಲ್ಲಿಂದ ಹುಟ್ಟಿದ್ದು ಟೋಹೋಲ್ಡ್ ಎಂಬ ಕುಶಲಕರ್ಮಿಗಳ ಒಕ್ಕೂಟ. ನನಗೆ ಮುಖ್ಯವಾಗಿ ಕಾಣುವುದು ಅವರು ಕಟ್ಟಿದ ಕ್ರಮ. ಬುನಾದಿಗೆ ಹಾಕಿದ್ದು ಹೆಂಗಸರ ಸ್ವಸಹಾಯ ಗುಂಪುಗಳನ್ನು. ಒಕ್ಕೂಟ ಅದರ ಮೇಲೆ ನಿಂತಿತು. ಹೆಣೆಯುವ ಕೈಗಳು ಉಳಿತಾಯದ ಪುಸ್ತಕಕ್ಕೆ ಸಹಿ ಹಾಕಿದವು, ವಿನ್ಯಾಸ ಕಲಿತವು, ಗುಣಮಟ್ಟದ ಮಾತಿಗೆ ಕುಳಿತವು.

ಗುಣಮಟ್ಟ ಎಂದರೆ ಅಲ್ಲಿ ಸಣ್ಣ ಮಾತಲ್ಲ. ಊರಿನ ಗಿರಾಕಿ ಪಡಸಾಲೆಗೇ ಬಂದು ಕಾಲು ಚಾಚುತ್ತಾನೆ, ಅವನ ಕಾಲೇ ಅಳತೆ. ಕಾಣದ ದೇಶದ ಕಾಣದ ಕಾಲಿಗೆ ಮಾಡುವಾಗ ಹತ್ತು ಮನೆಗಳ ಜೋಡು ಒಂದೇ ಅಳತೆಗೆ ಬರಬೇಕು, ಎಡಬಲ ಒಂದನ್ನೊಂದು ಹೋಲಬೇಕು. ಅಂಥ ಕೆಲಸಕ್ಕೆ ಒಕ್ಕೂಟ ಐಎಸ್ಒ 9001 ಪ್ರಮಾಣಪತ್ರ ಪಡೆಯಿತು. ಆ ಪ್ರಮಾಣಪತ್ರದ ತಿರುಳು, ತಪ್ಪು ಎಲ್ಲಿ ಹೊಕ್ಕಿತು ಎಂಬುದನ್ನು ಹಿಂದಕ್ಕೆ ಹೋಗಿ ಹುಡುಕಲು ಬರಬೇಕು ಎನ್ನುವುದು. ವ್ಯಾಪಾರಿ ಜೋಡು ಪಕ್ಕಕ್ಕೆ ಎಸೆದಾಗ ಇಡೀ ಮನೆಯೇ ತಪ್ಪಿತಸ್ಥ. ತಪ್ಪಿನ ಜಾಗ ಹುಡುಕುವ ಕ್ರಮ ಬಂದಮೇಲೆ, ಸರಿ ಮಾಡಿದ ಕೈಯೂ ಕಾಣಿಸುತ್ತದೆ. ಇಂಥ ಪ್ರಮಾಣಪತ್ರದ ಕಾಗದಪತ್ರವನ್ನು ಹಳಿಯುವುದು ನಮ್ಮ ಕಚೇರಿಯಲ್ಲಿ ಫ್ಯಾಶನ್. ಕೀರ್ದಿಯಲ್ಲಿ ಹೆಸರೇ ಇಲ್ಲದವರಿಗೆ ಕಾಗದ ಏನು ಕೊಡುತ್ತದೆ ಎಂದು ನಮಗೆ ಗೊತ್ತಿಲ್ಲ.

ಇದೇ ಪ್ರಶ್ನೆ ಇನ್ನಷ್ಟು ಬೆತ್ತಲಾಗಿ ಎದ್ದದ್ದು ನಿಪ್ಪಾಣಿಯಲ್ಲಿ. ನನ್ನ ದೊಡ್ಡವ್ವ ಅಲ್ಲಿ ಬೀಡಿ ಕಟ್ಟುತ್ತಿದ್ದಳು. ಸಂಜೆ ಕಂತೆ ಒಪ್ಪಿಸಲು ಹೋದಾಗ ಗುತ್ತಿಗೆದಾರನ ಮನುಷ್ಯ ಹಿಡಿಹಿಡಿಯಾಗಿ ಬೀಡಿ ತೆಗೆದು ‘ಛಾಟ’ ಎಂದು ಪಕ್ಕಕ್ಕೆ ಹಾಕುತ್ತಿದ್ದ. ಛಾಟ ಎಂದರೆ ತಿರಸ್ಕರಿಸಿದ ಮಾಲು. ಅದಕ್ಕೆ ಕೂಲಿ ಇಲ್ಲ. ವಾಪಸೂ ಕೊಡುವುದಿಲ್ಲ. ‘ಕೆಟ್ಟ ಬೀಡಿ ಅಂದ್ಮ್ಯಾಗ ನನಗ ಕೊಡ್ರಿ, ಒಲಿಗೆ ಹಾಕ್ತೀನಿ ಅಂದ್ರ ಕೊಡಾಂವಲ್ಲ’ ಎಂದು ದೊಡ್ಡವ್ವ ನಗುತ್ತಿದ್ದಳು. ಅವಳಿಗೆ ಗೊತ್ತಿತ್ತು, ಕೆಟ್ಟ ಬೀಡಿ ಒಳ್ಳೆಯ ಬೀಡಿಯ ಜೊತೆಯೇ ಪೇಟೆಗೆ ಹೋಗುತ್ತದೆ ಎಂದು. ಈ ಜಗಳ ಎಷ್ಟು ಹಳೆಯದೆಂದರೆ, 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯಲ್ಲೇ ತಿರಸ್ಕರಿಸಿದ ಬೀಡಿಯ ತಕರಾರು, ಅದರ ಕೂಲಿಯ ತಕರಾರು ತೀರಿಸುವ ಬಗ್ಗೆ ಕಲಮು ಇತ್ತು. ಕೆಲಸ ಮುಗಿಯಿತೋ ಇಲ್ಲವೋ ಎಂದು ಹೇಳುವ ಅಧಿಕಾರ ಒಂದೇ ಕಡೆ ಇದ್ದರೆ ಅದು ಕೂಲಿ ಕಡಿಯುವ ಕತ್ತಿಯಾಗುತ್ತದೆ ಎಂದು ಸಂಸತ್ತಿಗೂ ತಿಳಿದಿತ್ತು.

ಬೀಡಿ ಕಟ್ಟುವವರದು ಒಬ್ಬೊಬ್ಬರ ಮನೆಯ ಕೆಲಸ. ತಂಬಾಕಿನ ವಖಾರಿಗಳಲ್ಲಿ ಮಾತ್ರ ನೂರಾರು ಹೆಂಗಸರು ಒಂದೇ ಸೂರಿನಡಿ, ಒಂದೇ ದೂಳಿನಲ್ಲಿ ಸೋಸುತ್ತ, ಕೆಮ್ಮುತ್ತ ದುಡಿಯುತ್ತಿದ್ದರು. ದಿನವಿಡೀ ಪಕ್ಕಪಕ್ಕದಲ್ಲೇ ಇದ್ದರೂ ಅವರು ತಂಡವಾದದ್ದು 1970ರ ದಶಕದ ಕೊನೆಯಲ್ಲಿ, ಅಧ್ಯಾಪಕ ಸುಭಾಷ್ ಜೋಶಿ ಮತ್ತು ಗೆಳೆಯರು ಚಿಕ್ಕೋಡಿ ತಾಲ್ಲೂಕು ಕಾಮಗಾರ್ ಮಹಾಸಂಘವನ್ನು ಕಟ್ಟಿದಾಗ. ಹೆಂಗಸರು ಮುಷ್ಕರ ಹೂಡಿದರು. 1981ರಲ್ಲಿ ಅದೇ ನಿಪ್ಪಾಣಿಯ ಹೆದ್ದಾರಿಯಲ್ಲಿ ತಂಬಾಕು ಬೆಳೆಗಾರರು ದರಕ್ಕಾಗಿ ಕುಳಿತದ್ದು, ಶರದ್ ಜೋಶಿಯವರ ಮುಂದಾಳತ್ವ, ಏಪ್ರಿಲಿನ ಗೋಲಿಬಾರು, ಸತ್ತ ರೈತರು, ಇದೆಲ್ಲ ನಮ್ಮ ಕಡೆ ಇಂದಿಗೂ ನೆನಪಿದೆ. ವಖಾರಿಯ ಹೆಂಗಸರ ಮುಷ್ಕರ ಅಷ್ಟು ನೆನಪಿಲ್ಲ.

ಅದು ಪೂರ್ತಿ ಅಳಿಯದೆ ಉಳಿದದ್ದಕ್ಕೆ ಒಂದು ಚಲನಚಿತ್ರ ಕಾರಣ. ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್, ನವರೋಜ್ ಕಾಂಟ್ರಾಕ್ಟರ್ ಇದ್ದ ಯುಗಾಂತರ್ ಎಂಬ ಬಳಗ 1982ರಲ್ಲಿ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರ ಮಾಡಿತು. ಅವರು ಕ್ಯಾಮರಾ ಹೊತ್ತು ಬಂದು ಎರಡು ದಿನದಲ್ಲಿ ಹೊರಟುಹೋದವರಲ್ಲ. ತಿಂಗಳುಗಟ್ಟಲೆ ಹೆಂಗಸರ ಜೊತೆಗಿದ್ದು, ಏನನ್ನು ಹೇಳಬೇಕೆಂದು ಅವರ ಜೊತೆಯೇ ಮಾತಾಡಿ ಚಿತ್ರ ಕಟ್ಟಿದರು. ಅಂದರೆ ಚಿತ್ರ ಮುಗಿಯಿತೋ ಇಲ್ಲವೋ ಎಂಬ ಮಾತಿನಲ್ಲಿ ವಖಾರಿಯ ಹೆಂಗಸರಿಗೂ ಪಾಲಿತ್ತು. ಆ ಚಿತ್ರದ ಮುಖಗಳಲ್ಲಿ ನಾನು ದೊಡ್ಡವ್ವನನ್ನು ಹುಡುಕಿದೆ. ಸಿಗಲಿಲ್ಲ. ಅವಳು ವಖಾರಿಯವಳಲ್ಲ, ಮನೆಯಲ್ಲಿ ಕುಳಿತು ಕಟ್ಟಿದವಳು.

ಜೋಡಿನ ಕಥೆ ಇತ್ತೀಚೆಗೆ ದೂರ ದೂರಕ್ಕೆ ಹೋಯಿತು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ ಆ ಕಡೆ, ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಈ ಕಡೆ. ಮಹಾರಾಷ್ಟ್ರದ ಲಿಡ್ಕಾಮ್, ಕರ್ನಾಟಕದ ಲಿಡ್ಕರ್ ಎಂಬ ಎರಡು ನಿಗಮಗಳ ಹೆಸರಿನಲ್ಲಿ ಅದು ಜಂಟಿಯಾಗಿದೆ. ಗಡಿಯ ಹೆಸರಿನಲ್ಲಿ ಬಸ್ಸಿಗೆ ಮಸಿ ಬಳಿಯುವ ಎರಡು ರಾಜ್ಯಗಳು ಒಂದು ಜೋಡು ಚಪ್ಪಲಿಗಾಗಿ ಒಂದೇ ಕಾಗದದ ಮೇಲೆ ಇವೆ ಎನ್ನುವುದು ನನಗೆ ಖುಷಿಯ ಸಂಗತಿ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಫ್ಯಾಶನ್ ಪ್ರದರ್ಶನದಲ್ಲಿ ಇದೇ ನಮೂನೆಯ ಚಪ್ಪಲಿ ಮೆರೆಸಿತು, ಎಲ್ಲಿಯದೆಂದು ಹೇಳಲಿಲ್ಲ. ಕೂಗೆದ್ದ ಮೇಲೆ ಭಾರತದ ಕುಶಲಕರ್ಮಿಗಳಿಂದ ಬಂದ ಸ್ಫೂರ್ತಿ ಎಂದು ಒಪ್ಪಿಕೊಂಡಿತು. ಆಗ ಎಲ್ಲರೂ ಕೊಲ್ಹಾಪುರ ಎಂದರು. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಹೆಸರು ಹಿಡಿದು, ಅಲ್ಲಿಯ ಕೈಗಳನ್ನೂ ನೆನೆಯಿರಿ ಎಂದವರು ಕರ್ನಾಟಕದ ಸಚಿವ ಪ್ರಿಯಾಂಕ್ ಖರ್ಗೆ. ಡಿಸೆಂಬರಿನಲ್ಲಿ ಪ್ರಾಡಾ ಎರಡೂ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡಿತು.

ಆ ಸುದ್ದಿ ಓದಿದ ವಾರ ನಾನು ಮತ್ತೆ ಆ ಹಳ್ಳಿಗೆ ಹೋದೆ. ಕಾಕು ಅದೇ ಬಾಗಿಲ ಬೆಳಕಿನಲ್ಲಿ ಹೆಣೆಯುತ್ತಿದ್ದರು. ಮೊಬೈಲಿನಲ್ಲಿ ಮಿಲಾನಿನ ಫೋಟೊ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು, ಬೆರಳಿನಿಂದ ದೊಡ್ಡದು ಮಾಡಿ ನೋಡಿದರು.

‘ಎಷ್ಟಕ್ಕ ಮಾರತಾರ ಇದನ್ನ, ತಮ್ಮಾ?’

ಹೇಳಿದೆ. ಲಕ್ಷದ ಹತ್ತಿರದ ಆ ಅಂಕಿಗೆ ಕಾಕಾ ರಂಪಿಗೆ ಕೆಳಗಿಟ್ಟು ನಕ್ಕರು. ಕಾಕು ನಗಲಿಲ್ಲ. ಫೋಟೊದ ಎಡಗಾಲಿನ ಮೇಲೆ ಉಗುರು ಇಟ್ಟು, ‘ಇಲ್ಲಿ ಹೆಣಿಗಿ ಎಲ್ಲಿ ಐತಿ? ಬರೇ ಪಟ್ಟಿ. ಇದು ಇನ್ನೂ ಆಗಿಲ್ಲ’ ಎಂದು ಮೊಬೈಲು ನನ್ನ ಕೈಗೆ ಕೊಟ್ಟು ತಮ್ಮ ಎಳೆಗಳನ್ನು ಎತ್ತಿಕೊಂಡರು.

ಪುಣೆಗೆ ಮರಳುವ ಬಸ್ಸಿನಲ್ಲಿ, ಕೆಲಸ ಬಿಟ್ಟುಹೋದ ಆ ಹುಡುಗಿಯ ನಂಬರು ಹುಡುಕಿದೆ. ಇನ್ನೂ ಇತ್ತು. ನಿಪ್ಪಾಣಿ ದಾಟುವವರೆಗೆ ಏನು ಬರೆಯಬೇಕೆಂದು ಹೊಳೆಯಲಿಲ್ಲ. ಆಮೇಲೆ, ಅವತ್ತು ನೀನು ಹೇಳಿದ್ದು ಸರಿಯಿತ್ತು, ನನಗೆ ಗೊತ್ತಿತ್ತು, ನಾನು ಸುಮ್ಮನಿದ್ದೆ, ಎಂದಷ್ಟೇ ಬರೆದು ಕಳಿಸಿದೆ.